ಗಾಂಧಿ ಕ್ಲಾಸ್: ಕ್ಲೈಮ್ಯಾಕ್ಸಲ್ಲಿ ಚಕ್ರ ಸುತ್ತಬಾರದು ಅಂದ್ರೆ...

ಈ ವಾರ ಅಂಚೆ ಚೀಲ ಬಿಚ್ಚಿದರೆ ನಾಯಕಿಯರ ವಿಳಾಸ ಕೇಳಿದವರು ಕಡಿಮೆ. ಹೀರೋಗಳ ಮುನಿಸಿನ ಬಗ್ಗೆ ಕೇಳಿದವರು ಇನ್ನೂ ಕಡಿಮೆ. ಆಶ್ಚರ್ಯ ಅಂದ್ರೆ ಇದಪ್ಪಾ! ತುಮಕೂರಿನಿಂದ ಒಬ್ಬರು, ಹಾಸನದಿಂದ ಒಬ್ಬರು, ಪೀಣ್ಯದಲ್ಲಿ ರೂಮು ಮಾಡಿಕೊಂಡಿರುವ ನಾಲ್ಕು ಜನ ಒಟ್ಟಿಗೆ ಸಹಿ ಹಾಕಿ... ಎಲ್ಲರದೂ ಒಂದೇ ಪ್ರಶ್ನೆ. "ಸಾರ್, ಮನೆಗೆ ಇಂಟರ್‌ನೆಟ್ ಹಾಕಿಸಬೇಕು. ಒಬ್ಬ ಫೈಬರ್ ಅಂತಾನೆ, ಇನ್ನೊಬ್ಬ ಏರ್‌ಫೈಬರ್ ಅಂತಾನೆ, ಮೂರನೆಯವನು ಮೊಬೈಲ್ ಹಾಟ್‌ಸ್ಪಾಟೇ ಸಾಕು ಬಿಡೋ ಅಂತಾನೆ. ಇಲ್ಲಿ ನೋಡಿದ್ರೆ ಹೀರೋ ಕೈ ಎತ್ತಿದ ಹೊತ್ತಿಗೆ ಸರಿಯಾಗಿ ಪರದೆ ಮೇಲೆ ಚಕ್ರ ಸುತ್ತೋಕೆ ಶುರುವಾಗುತ್ತೆ. ಏನು ಮಾಡೋಣ?"

ಸಿನಿಮಾ ಪತ್ರಿಕೇಲಿ ವೈರಿನ ವಿಷಯ ಯಾಕಯ್ಯ ಅಂತ ಹುಬ್ಬೇರಿಸಬೇಡಿ. 2020ರಲ್ಲಿ ಕೊರೊನಾ ಬಂದು ಟಾಕೀಸುಗಳಿಗೆ ಬೀಗ ಬಿದ್ದಾಗ ಹೊಸ ಕನ್ನಡ ಚಿತ್ರ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದು ಇದೇ ವೈರಿನಲ್ಲಿ. ಆ ವರ್ಷ ಜುಲೈ 17ರಂದು ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ' ಥಿಯೇಟರ್ ಮುಖವನ್ನೇ ನೋಡದೆ ನೇರ ಅಮೆಜಾನ್ ಪ್ರೈಮ್‌ಗೆ ಬಂತು. ಒಂದೇ ವಾರ ಬಿಟ್ಟು, ಜುಲೈ 24ಕ್ಕೆ, ಅದೇ ಸಂಸ್ಥೆಯ 'ಫ್ರೆಂಚ್ ಬಿರಿಯಾನಿ'. ಅವತ್ತು ಫಸ್ಟ್ ಡೇ ಫಸ್ಟ್ ಷೋ ನೋಡಿದವನು ಯಾರು? ಬೆಳಗಿನ ಜಾವ ಎದ್ದು ಕ್ಯೂನಲ್ಲಿ ನಿಂತವನಲ್ಲ, ಮನೇಲಿ ಒಳ್ಳೆ ಲೈನು ಇದ್ದವನು.

2020-21ರ ಆ ದಿನಗಳಲ್ಲೇ ಮಲೆನಾಡಿನ ಎಷ್ಟೋ ಹುಡುಗರು ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು, ಮಳೇಲಿ ಛತ್ರಿ ಹಿಡಿದು ಕೂತಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಹಾಗಾಗಿ ಇದು ಬರೀ ಮನರಂಜನೆಯ ಪ್ರಶ್ನೆ ಅಲ್ಲ ಕಣ್ರೀ. ಪಾಠ, ಕೆಲಸ, ಇಂಟರ್‌ವ್ಯೂ, ಸಿನಿಮಾ ಸೇರಬೇಕು ಅನ್ನೋ ಹುಡುಗನ ಕಿರುಚಿತ್ರ... ಎಲ್ಲ ಈಗ ಇದೇ ಗೇಟಿನಲ್ಲಿ ಹಾದು ಹೋಗಬೇಕು. ಗೇಟು ಸರಿಯಾಗಿದೆಯಾ ನೋಡಿಕೊಳ್ಳೋಣ ಬನ್ನಿ.

ಬಿಟ್ಟಾ, ಬೈಟಾ?

ಮೊದಲು ಒಂದು ಲೆಕ್ಕ. ಇದು ಗೊತ್ತಿಲ್ಲದೇ ಇದ್ದರೆ ಮುಂದಿನದೆಲ್ಲ ಸಬ್‌ಟೈಟಲ್ ಇಲ್ಲದ ಕೊರಿಯನ್ ಪಿಕ್ಚರ್ ನೋಡಿದ ಹಾಗೆ.

ಕಂಪನಿಯವರು ವೇಗ ಹೇಳೋದು ಮೆಗಾಬಿಟ್ ಲೆಕ್ಕದಲ್ಲಿ. 30 ಎಂಬಿಪಿಎಸ್, 100 ಎಂಬಿಪಿಎಸ್ ಅಂತ. ನಾವು ಫೈಲಿನ ಗಾತ್ರ ಹೇಳೋದು ಮೆಗಾಬೈಟ್, ಗಿಗಾಬೈಟ್ ಲೆಕ್ಕದಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದ್ರೆ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಇಳಿಯೋದು 100 ಎಂಬಿ ಅಲ್ಲ, ಹನ್ನೆರಡೂವರೆ ಎಂಬಿ. ಎಂಟರಿಂದ ಭಾಗಿಸಿ, ಮುಗೀತು. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೇ ಈ ಲೆಕ್ಕ ಬರುತ್ತೆ ಅಂದಮೇಲೆ ನಿಮಗೆ ಬರಲ್ವಾ?

ಈಗ ಮೂರು ಜಿಬಿ ತೂಗುವ ಒಂದು ಸಿನಿಮಾ ತಗೊಳ್ಳಿ. ಒಂದೊಂದು ಕಾಲದ ಲೈನಿನಲ್ಲಿ ಅದನ್ನು ಇಳಿಸೋಕೆ ಎಷ್ಟು ಹೊತ್ತು ಬೇಕು ನೋಡೋಣ. ಇದು ಎಲ್ಲೂ ನಿಲ್ಲದೆ ಪೂರ್ತಿ ವೇಗದಲ್ಲಿ ಓಡಿದರೆ ಸಿಗುವ ಲೆಕ್ಕ. ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತೆ.

9.6 ಕೆಬಿಪಿಎಸ್‌ನಲ್ಲಿ: ಸುಮಾರು 29 ದಿನ.
56 ಕೆಬಿಪಿಎಸ್‌ನಲ್ಲಿ: ಸುಮಾರು 5 ದಿನ.
256 ಕೆಬಿಪಿಎಸ್‌ನಲ್ಲಿ: 26 ಗಂಟೆ.
2 ಎಂಬಿಪಿಎಸ್‌ನಲ್ಲಿ: 3 ಗಂಟೆ 20 ನಿಮಿಷ.
30 ಎಂಬಿಪಿಎಸ್‌ನಲ್ಲಿ: 13 ನಿಮಿಷ ಚಿಲ್ಲರೆ.
100 ಎಂಬಿಪಿಎಸ್‌ನಲ್ಲಿ: 4 ನಿಮಿಷ.
1 ಜಿಬಿಪಿಎಸ್‌ನಲ್ಲಿ: 24 ಸೆಕೆಂಡು!

29 ದಿನ ಅಂದ್ರೆ ನಾಲ್ಕು ವಾರ ಮೇಲೊಂದು ದಿನ. ಈಗಿನ ಎಷ್ಟೋ ಪಿಕ್ಚರ್‌ಗಳು ಅಷ್ಟು ದಿನ ಟಾಕೀಸಿನಲ್ಲೇ ಓಡಲ್ಲ ಬಿಡಿ.

ಫ್ಲ್ಯಾಷ್‌ಬ್ಯಾಕ್

ಆ 9.6 ಅನ್ನೋದು ನಾನು ಕಟ್ಟಿದ ಕಥೆ ಅಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡೋಕೆ ಶುರು ಮಾಡಿದಾಗ ಸಿಗುತ್ತಿದ್ದ ವೇಗ ಅದು. ಟೆಲಿಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ನಂಬರ್ ತಿರುಗಿಸಬೇಕು. ಕೀಂಯ್... ಕರ್‍ರ್... ಅಂತ ಶಬ್ದ. ಇಂಟರ್‌ನೆಟ್ ನಡೀತಾ ಇದ್ದರೆ ಮನೆಗೆ ಫೋನ್ ಬರೋ ಹಾಗಿಲ್ಲ. ಆಮೇಲೆ 56 ಕೆಬಿಪಿಎಸ್ ತನಕ ಬಂತು, ಅಲ್ಲಿಗೆ ಡಯಲ್‌ಅಪ್ ಕಥೆ ಮುಗೀತು. ನಮ್ಮ ಅಣ್ಣಂದಿರು ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಹೀರೋನ ಒಂದು ಫೋಟೊ ಮೇಲಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಇಳಿಯೋದನ್ನ ಕಾಯ್ತಾ ಕೂತಿದ್ದು ಆ ಕಾಲದಲ್ಲೇ.

2004ರಲ್ಲಿ ಕೇಂದ್ರ ಸರಕಾರ ಬ್ರಾಡ್‌ಬ್ಯಾಂಡ್ ನೀತಿ ತಂತು. 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಅಂತ ಕರೀಬಹುದು ಅಂದರು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಫೋನೂ ನಡೀತು, ಇಂಟರ್‌ನೆಟ್ಟೂ ನಡೀತು. ಆದರೆ ಮಿತಿ! 250 ರೂಪಾಯಿಯ ಪ್ಲಾನಿಗೆ ತಿಂಗಳಿಗೆ ಬರೀ 400 ಎಂಬಿ ಇದ್ದ ದಿನಗಳೂ ಇದ್ದವು. ಇವತ್ತಿನ ಎಚ್‌ಡಿ ಚಿತ್ರ ಗಂಟೆಗೆ ಮೂರು ಜಿಬಿ ತನಕ ತಿನ್ನುತ್ತೆ, ಅಂದ್ರೆ ಆ 400 ಎಂಬಿಯಲ್ಲಿ ನೋಡೋಕೆ ಆಗೋದು ಎಂಟು ನಿಮಿಷ. ಟೈಟಲ್ ಕಾರ್ಡ್ ಮುಗಿದು ಹೀರೋ ಎಂಟ್ರಿ ಕೊಡೋ ಹೊತ್ತಿಗೆ ತಿಂಗಳ ಕೋಟಾ ಖಾಲಿ.

ಸ್ವಲ್ಪ ಮೇಲಿನ ಪ್ಲಾನಿನಲ್ಲಿ ರಾತ್ರಿ ಎರಡು ಗಂಟೆಯಿಂದ ಬೆಳಿಗ್ಗೆ ಎಂಟರ ತನಕ ಲೆಕ್ಕವಿಲ್ಲ ಅನ್ನೋ ಸೌಲಭ್ಯ ಇತ್ತು. ಅಲಾರಂ ಇಟ್ಟು ಎರಡು ಗಂಟೆಗೆ ಎದ್ದು ಡೌನ್‌ಲೋಡ್ ಹಾಕಿ ಮತ್ತೆ ಮಲಗುತ್ತಿದ್ದವರು ಊರಿಗೆ ಹತ್ತು ಜನ ಸಿಗುತ್ತಾರೆ. ಅಪ್ಪ ಅಮ್ಮ ಮಾತ್ರ, ಮಗ ಪರೀಕ್ಷೆಗೆ ಓದ್ತಾ ಇದ್ದಾನೆ ಅಂತ ತಿಳಿದುಕೊಂಡು ಕಾಫಿ ಇಟ್ಟು ಕೊಡೋರು!

ಆ 256 ಅನ್ನೋ ಗೆರೆ 2013ರಲ್ಲಿ 512 ಕೆಬಿಪಿಎಸ್ ಆಯ್ತು. 2023ರ ಜನವರಿಯಲ್ಲಿ 2 ಎಂಬಿಪಿಎಸ್ ಆಯ್ತು. ಈ ಎರಡು ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಸೆಕೆಂಡ್ ಹಾಫಲ್ಲಿ ಮತ್ತೆ ಬರುತ್ತೆ.

ಪಾತ್ರವರ್ಗ

ಈಗ ಇವತ್ತಿನ ನಟರನ್ನ ಒಬ್ಬೊಬ್ಬರಾಗಿ ನೋಡೋಣ.

ತಾಮ್ರದ ತಂತಿ: ಹಳೇ ಲ್ಯಾಂಡ್‌ಲೈನ್ ಮೇಲೆ ಬರುವ ಡಿಎಸ್‌ಎಲ್. ಪೋಷಕ ಪಾತ್ರದ ಹಿರಿಯ ಕಲಾವಿದರು, ಗೌರವ ಕೊಡೋಣ. ಇವರ ತೊಂದರೆ ಒಂದೇ. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಕುಸಿಯುತ್ತೆ. ಎಕ್ಸ್‌ಚೇಂಜ್ ಪಕ್ಕದಲ್ಲಿದ್ದರೆ ಎಡಿಎಸ್‌ಎಲ್ ಎರಡನೇ ತಲೆಮಾರಿನಲ್ಲಿ 24 ಎಂಬಿಪಿಎಸ್ ತನಕ ಮುಟ್ಟಬಹುದು. ನಾಲ್ಕೈದು ಕಿಲೋಮೀಟರ್ ಆಚೆ ಹೋದರೆ ಒಂದೆರಡು ಎಂಬಿಪಿಎಸ್‌ಗೆ ಇಳಿಯುತ್ತೆ. ಮಳೆ ಬಂದು ಜಾಯಿಂಟಿನೊಳಗೆ ನೀರು ಹೋದರೆ ಕರಕರ. ಸಿಡಿಲು ಹೊಡೆದರೆ ತಂತಿಯಲ್ಲೇ ಓಡಿ ಬಂದು ಮೋಡೆಮ್ ಭಸ್ಮ... ತೀರ್ಥಹಳ್ಳಿ, ಕೊಪ್ಪ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾನ್ ಕೇಬಲ್: ಬೆಂಗಳೂರಿನಂಥ ಊರಲ್ಲಿ ಬಿಲ್ಡಿಂಗ್ ತನಕ ಫೈಬರ್ ತಂದು, ಅಲ್ಲಿಂದ ನಮ್ಮ ರೂಮಿಗೆ ನೀಲಿಯದೋ ಬೂದಿಯದೋ ಒಂದು ಲ್ಯಾನ್ ವೈರು ಎಳೆಯುತ್ತಾರೆ. ಎಷ್ಟೋ ಜನ ಇದನ್ನೇ ಫೈಬರ್ ಅಂದುಕೊಂಡಿರುತ್ತಾರೆ. ಅಡ್ಡಿಯಿಲ್ಲ, ನೂರು ಮೀಟರ್ ಒಳಗೆ ಇದು ಚೆನ್ನಾಗೇ ಓಡುತ್ತೆ. ಆದರೆ ಹಳೇ ವೈರು, ಇಲ್ಲಾ 100 ಎಂಬಿಪಿಎಸ್ ಪೋರ್ಟಿನ ಹಳೇ ರೂಟರ್ ಇದ್ದರೆ ನೀವು 300ಕ್ಕೆ ದುಡ್ಡು ಕಟ್ಟಿದರೂ 100 ದಾಟಲ್ಲ. ಬಾಲ್ಕನಿ ಟಿಕೆಟ್ ತಗೊಂಡು ಕಂಬದ ಹಿಂದೆ ಕೂತ ಹಾಗೆ.

ಫೈಬರ್: ಇವನೇ ಹೀರೋ. ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆ, ಅದರೊಳಗೆ ಬೆಳಕು. ದೂರ ಹೋದರೂ ತಾಮ್ರದ ಹಾಗೆ ಸೋಲಲ್ಲ. ಗಾಜಿನಲ್ಲಿ ಕರೆಂಟು ಹರಿಯಲ್ಲ, ಹಾಗಾಗಿ ಸಿಡಿಲು ಆ ಎಳೆಯಲ್ಲಿ ಓಡಿ ಬರಲ್ಲ. ಕರೆಂಟಿನ ಪ್ಲಗ್ ಮೂಲಕ ಬರಬಹುದು, ಗುಡುಗು ಶುರುವಾದರೆ ಅದನ್ನ ಕಿತ್ತಿಡಿ. ಸಾಮಾನ್ಯವಾಗಿ ಬಳಸುವ ಜಿಪಾನ್ ಅನ್ನೋ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಕೆಳಕ್ಕೆ ಸುಮಾರು 2.5 ಜಿಬಿಪಿಎಸ್, ಮೇಲಕ್ಕೆ ಸುಮಾರು 1.25 ಜಿಬಿಪಿಎಸ್ ಹರಿಯುತ್ತೆ. ಅದನ್ನು 32 ಇಲ್ಲಾ 64 ಮನೆಗೆ ಹಂಚುತ್ತಾರೆ. 32 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೆ ತಲೆಗೆ 78 ಎಂಬಿಪಿಎಸ್ ಆಗುತ್ತೆ. ಹಾಗೆ ಎಲ್ಲರೂ ಒಟ್ಟಿಗೆ ಎಳೆಯೋದು ಅಪರೂಪ ಅನ್ನೋ ಧೈರ್ಯದ ಮೇಲೆ ಇಡೀ ವ್ಯಾಪಾರ ನಡೆಯೋದು.

ಹೀರೋಗೂ ವೀಕ್‌ನೆಸ್ ಇದೆ. ಎಳೆಯನ್ನ ಗಟ್ಟಿಯಾಗಿ ಮಡಿಸಬಾರದು. ಬಾಗಿಲ ಸಂದಿಗೆ ಸಿಕ್ಕಿ ನುಜ್ಜಾಯ್ತೋ, ಬೆಳಕು ಅಲ್ಲೇ ಸೋರಿ ಹೋಗುತ್ತೆ. ರಸ್ತೆ ಅಗೆಯೋ ಜೆಸಿಬಿಯೇ ಇವನ ಪಾಲಿನ ವಿಲನ್. ತುಂಡಾದ ಎಳೆಯನ್ನ ಮಿಷನ್ ತಂದು ಬೆಸೆಯಬೇಕು, ಟೇಪು ಸುತ್ತಿ ಕಟ್ಟೋಕೆ ಆಗಲ್ಲ. ನಿಮ್ಮ ಡಬ್ಬಿಯಲ್ಲಿ ಎಲ್‌ಓಎಸ್ ಅಂತ ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕು ನಿಮ್ಮ ಮನೆ ತನಕ ಬರ್ತಾ ಇಲ್ಲ ಅಂತ ಅರ್ಥ. ಆಗ ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನ ಇಲ್ಲ. ಲೈನ್‌ಮ್ಯಾನ್‌ಗೆ ಫೋನ್ ಮಾಡಿ "ಎಲ್‌ಓಎಸ್ ಕೆಂಪು ಬಂದಿದೆ" ಅಂತ ಅದೇ ಪದದಲ್ಲಿ ಹೇಳಿ. ಹುಡುಗನಿಗೆ ವಿಷಯ ಗೊತ್ತು ಅಂತ ಅವರಿಗೂ ಗೊತ್ತಾಗುತ್ತೆ.

ಏರ್‌ಫೈಬರ್: ಹೆಸರಲ್ಲಿ ಫೈಬರ್, ಮನೆಗೆ ಬರೋದು ಗಾಳಿ. ಡಬಲ್ ಆಕ್ಟಿಂಗ್ ಅಂದ್ರೆ ಇದು! 2022ರ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿ ಶುರುವಾಯ್ತು. 2023ರ ಆಗಸ್ಟ್‌ನಲ್ಲಿ ಏರ್‌ಟೆಲ್, ಸೆಪ್ಟೆಂಬರ್ 19ಕ್ಕೆ ಜಿಯೋ, ಎರಡೂ ಇದನ್ನು ಮನೆಗೆ ತಂದವು. ತಾರಸಿ ಮೇಲೋ ಕಿಟಕಿ ಹೊರಗೋ ಒಂದು ಡಬ್ಬಿ ಕೂರಿಸುತ್ತಾರೆ, ಅದು ಟವರಿನಿಂದ 5ಜಿ ಹಿಡಿದು ಒಳಗಿನ ರೂಟರ್‌ಗೆ ಕೊಡುತ್ತೆ. ರಸ್ತೆ ಅಗೆಯಬೇಕಿಲ್ಲ, ಕಂಬ ಹತ್ತಬೇಕಿಲ್ಲ. ಫೈಬರ್ ಬರದ ಬೀದಿಗೆ ಇದು ದೊಡ್ಡ ಅನುಕೂಲ. ಆದರೆ ಟವರು ಒಂದು, ಅದರ ಕೆಳಗೆ ಇರೋ ಮೊಬೈಲುಗಳೂ ಅದನ್ನೇ ಹಂಚಿಕೊಳ್ಳಬೇಕು. ಸಂಜೆ ಏಳರಿಂದ ಹನ್ನೊಂದರ ತನಕ ಫಸ್ಟ್ ಷೋ ಜನ ಹೊರಗೆ ಬರೋ ಹೊತ್ತಿಗೆ ಸೆಕೆಂಡ್ ಷೋ ಜನ ಒಳಗೆ ನುಗ್ಗೋ ಥರ ನೂಕುನುಗ್ಗಲು.

ಮೊಬೈಲ್ ಹಾಟ್‌ಸ್ಪಾಟ್: 2016ರ ಸೆಪ್ಟೆಂಬರ್ 5ಕ್ಕೆ ಜಿಯೋ 4ಜಿ ಬಂದ ಮೇಲೆ ನಮ್ಮಂಥವರ ಕೈಗೆ ಮೊದಲು ಸಿಕ್ಕ ಇಂಟರ್‌ನೆಟ್ಟು ಇದೇ ಅಲ್ವಾ? ಒಬ್ಬನೇ ಇದ್ದರೆ, ರೂಮು ಬದಲಾಯಿಸ್ತಾ ಇದ್ದರೆ ಸಾಕು. ದಿನಕ್ಕೆ ಒಂದೂವರೆ ಜಿಬಿ ಪ್ಲಾನಿದ್ದರೆ ಎಚ್‌ಡಿಯಲ್ಲಿ ಅರ್ಧ ಗಂಟೆ ನೋಡಬಹುದು. ಚಿತ್ರದ ಗುಣಮಟ್ಟ ಮೀಡಿಯಂಗೆ ಇಳಿಸಿದರೆ ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಗಂಟೆಗೆ 0.7 ಜಿಬಿ, ಅಂದ್ರೆ ಎರಡು ಗಂಟೆಗೆ ಸ್ವಲ್ಪ ಮೇಲೆ. ಎರಡೂವರೆ ಗಂಟೆಯ ಕನ್ನಡ ಪಿಕ್ಚರ್‌ಗೆ ಅಷ್ಟೂ ಸಾಲಲ್ಲ, ಕ್ಲೈಮ್ಯಾಕ್ಸ್ ನಾಳೆಗೆ!

ಉಪಗ್ರಹ: ಗೆಸ್ಟ್ ಅಪಿಯರೆನ್ಸ್. ಹಳೇ ಪದ್ಧತಿಯ ಉಪಗ್ರಹ ನಿಂತಿರೋದು 35,786 ಕಿಲೋಮೀಟರ್ ಮೇಲೆ. ಮಾತು ಹೋಗಿ ಉತ್ತರ ಬರೋ ಹೊತ್ತಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಕಳೆದಿರುತ್ತೆ. ಸಿನಿಮಾ ನೋಡಬಹುದು, ಆನ್‌ಲೈನ್ ಗೇಮ್ ಆಡೋಕೆ ಆಗಲ್ಲ. ನೀವು ಗುಂಡು ಹೊಡೆಯೋದರೊಳಗೆ ಎದುರಾಳಿ ನಿಮ್ಮ ತಿಥಿ ಊಟ ಮುಗಿಸಿರುತ್ತಾನೆ. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುವುದರಿಂದ ಈ ತೊಂದರೆ ಬಹಳ ಕಡಿಮೆ. 2025ರ ಜೂನ್‌ನಲ್ಲಿ ಆ ಕಂಪನಿಗೆ ಭಾರತದ ದೂರಸಂಪರ್ಕ ಇಲಾಖೆ ಲೈಸೆನ್ಸ್ ಕೊಟ್ಟಿತು. ಕಾಡಿನ ನಡುವಿನ ಒಂಟಿ ಮನೆಗೆ ಇಂಥದ್ದು ವರ. ಬೀದಿಗೆ ಫೈಬರ್ ಬಂದಿರೋ ಊರಿನವರು ಈ ಕಡೆ ನೋಡೋ ಅಗತ್ಯವಿಲ್ಲ.

ಯಾರೂ ಹೇಳದ ಸೈಡ್ ಆಕ್ಟರ್: ಅಪ್‌ಲೋಡ್

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರೋದು ಇಳಿಸೋ ವೇಗ. ಏರಿಸೋ ವೇಗದ ಬಗ್ಗೆ ಯಾರೂ ತುಟಿ ಬಿಚ್ಚಲ್ಲ. ಸಿನಿಮಾ ನೋಡೋರಿಗೆ ಅದು ಬೇಕಿಲ್ಲ ನಿಜ. ಸಿನಿಮಾ ಮಾಡೋರಿಗೆ?

ನನ್ನ ಗೆಳೆಯ ಒಬ್ಬನಿದ್ದಾನೆ. ಮದುವೆ ವಿಡಿಯೋ ಕತ್ತರಿಸಿ ಹೊಟ್ಟೆ ಹೊರೆಯುತ್ತಾನೆ, ರಾತ್ರಿ ಹೊತ್ತು ತನ್ನದೇ ಕಿರುಚಿತ್ರ. ಎಂಟು ತಿಂಗಳು ಭಾನುವಾರ ಭಾನುವಾರ ಶೂಟಿಂಗ್ ಮಾಡಿ, ಸ್ನೇಹಿತರ ಹತ್ತಿರ ಸಾಲ ಮಾಡಿ, ಒಂದು ಸ್ಪರ್ಧೆಗೆ ಅಂತ ತಯಾರು ಮಾಡಿದ. ಫೈಲು 20 ಜಿಬಿ. ಕಡೇ ದಿನ, ರಾತ್ರಿ ಹನ್ನೆರಡಕ್ಕೆ ಗೇಟು ಬಂದ್. ಡಬ್ಬಿಂಗ್‌ನವನು ಕೊನೇ ಟ್ರ್ಯಾಕ್ ಕೊಟ್ಟದ್ದೇ ಸಂಜೆ. ಎಂಟು ಗಂಟೆಗೆ ಇವನು ಅಪ್‌ಲೋಡ್ ಹಾಕಿದ. ಲೈನು 100 ಎಂಬಿಪಿಎಸ್, ಅರ್ಧ ಗಂಟೇಲಿ ಮುಗಿಯುತ್ತೆ ಅಂತ ಟೀ ಕುಡಿಯೋಕೆ ಹೊರಟರು.

ಆ ತಾರಸಿ ಡಬ್ಬಿಯ ಪ್ಲಾನಿನಲ್ಲಿ ಮೇಲಕ್ಕೆ ಹೋಗೋ ವೇಗ ಬರೀ 10 ಎಂಬಿಪಿಎಸ್ ಇತ್ತು. ಕನೆಕ್ಷನ್ ಕೊಡೋವಾಗ ಅದನ್ನ ಯಾರೂ ಹೇಳಿರಲಿಲ್ಲ, ಕೊಟ್ಟ ಕಾಗದದಲ್ಲೂ ಇರಲಿಲ್ಲ. ಕಂಪನಿ ಹೆಸರು ಇಲ್ಲಿ ಬೇಡ. ಲೆಕ್ಕ ಹಾಕಿ. 20 ಜಿಬಿ ಅಂದ್ರೆ 1,60,000 ಮೆಗಾಬಿಟ್. ಹತ್ತರಿಂದ ಭಾಗಿಸಿದರೆ 16,000 ಸೆಕೆಂಡು, ಅಂದ್ರೆ ನಾಲ್ಕೂವರೆ ಗಂಟೆಗೆ ಮೂರು ನಿಮಿಷ ಕಮ್ಮಿ. ಕೈಯಲ್ಲಿ ಇದ್ದದ್ದು ನಾಲ್ಕು ಗಂಟೆ. ಹನ್ನೆರಡು ಹೊಡೆದಾಗ ಪಟ್ಟಿ ನೂರಕ್ಕೆ ತೊಂಬತ್ತರ ಹತ್ತಿರ ನಿಂತಿತ್ತು. ಅವನು ಅಳಲಿಲ್ಲ, ಬೈಯಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಹೋಗಿ ಮಲಗಿದ. ಬೆಳಿಗ್ಗೆ ಮತ್ತೆ ಯಾರದೋ ಮದುವೆ ವಿಡಿಯೋ.

ಅದೇ ಫೈಲು, ಮೇಲಕ್ಕೂ ಕೆಳಕ್ಕೂ ಒಂದೇ ವೇಗ ಕೊಡುವ 100 ಎಂಬಿಪಿಎಸ್ ಫೈಬರ್‌ನಲ್ಲಿ 27 ನಿಮಿಷದ ಕೆಲಸ. ಫೈಬರ್‌ನಲ್ಲಿ ಇಂಥ ಸಮಸಮ ಪ್ಲಾನುಗಳು ಬೇಕಾದಷ್ಟಿವೆ. ಎಡಿಟಿಂಗ್, ಗ್ರಾಫಿಕ್ಸ್, ಯೂಟ್ಯೂಬ್ ಚಾನೆಲ್ಲು ಅಂತ ಕನಸು ಕಟ್ಟಿಕೊಂಡಿರೋ ಹುಡುಗರೇ, ಕನೆಕ್ಷನ್ ಹಾಕಿಸೋಕೆ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ ಇದು: "ಅಪ್‌ಲೋಡ್ ಎಷ್ಟು ಕೊಡ್ತೀರಾ?" ಉತ್ತರ ಬಾಯಲ್ಲಿ ಬೇಡ, ವಾಟ್ಸಾಪಲ್ಲಿ ಬರೆಸಿಕೊಳ್ಳಿ.

ಅನ್‌ಲಿಮಿಟೆಡ್ ಅನ್ನೋ ದೊಡ್ಡ ಸುಳ್ಳು, ಸಣ್ಣ ನಿಜ

ಪೋಸ್ಟರಿನಲ್ಲಿ ಅನ್‌ಲಿಮಿಟೆಡ್ ಅಂತ ಇರುತ್ತೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎಫ್‌ಯುಪಿ ಅಂತ ಇರುತ್ತೆ. ಅಂದ್ರೆ ಇಷ್ಟು ಜಿಬಿ ತನಕ ಹೇಳಿದ ವೇಗ, ಆಮೇಲೆ ಎತ್ತಿನ ಗಾಡಿ. ಮನೆ ಫೈಬರ್ ಪ್ಲಾನುಗಳಲ್ಲಿ ಬಹಳ ಕಡೆ ಕಾಣೋ ಮಿತಿ ತಿಂಗಳಿಗೆ 3300 ಜಿಬಿ. ಏರ್‌ಫೈಬರ್‌ನಲ್ಲಿ ಸಾಮಾನ್ಯವಾಗಿ 1000 ಜಿಬಿ.

ಇದು ಸಾಕಾ? ಎಚ್‌ಡಿ ಗಂಟೆಗೆ 3 ಜಿಬಿ ಅಂದುಕೊಳ್ಳಿ. 3300 ಜಿಬಿಯಲ್ಲಿ 1100 ಗಂಟೆ ನೋಡಬಹುದು. 30 ದಿನದ ತಿಂಗಳಿನಲ್ಲಿ ಇರೋದೇ 720 ಗಂಟೆ. ಊಟ ನಿದ್ದೆ ಬಿಟ್ಟು ಒಂದು ಟಿವಿ ಹಗಲೂ ರಾತ್ರಿ ಓಡಿಸಿದರೂ ಮುಗಿಯಲ್ಲ! 1000 ಜಿಬಿಯಲ್ಲಿ 333 ಗಂಟೆ, ಅಂದ್ರೆ ದಿನಕ್ಕೆ 11 ಗಂಟೆ. ಒಬ್ಬನಿಗೆ, ಗಂಡ ಹೆಂಡತಿಗೆ ಧಾರಾಳ. ಆದರೆ 4ಕೆ ಟಿವಿ ತಂದಿದ್ದರೆ ಲೆಕ್ಕ ತಿರುಗುತ್ತೆ. 4ಕೆ ಚಿತ್ರ ಗಂಟೆಗೆ 7 ಜಿಬಿ ತನಕ ಎಳೆಯುತ್ತೆ. 1000 ಜಿಬಿ ದಿನಕ್ಕೆ ಐದು ಗಂಟೆಗೂ ಬರಲ್ಲ. ನಾಲ್ಕು ಜನ ಇರೋ ರೂಮಿನಲ್ಲಿ, ಎಲ್ಲರೂ ರಾತ್ರಿ ಮೂರು ಗಂಟೆ ಬೇರೆ ಬೇರೆ ಎಚ್‌ಡಿ ನೋಡ್ತಾರೆ ಅಂದ್ರೆ ದಿನಕ್ಕೆ 36 ಜಿಬಿ, ತಿಂಗಳಿಗೆ 1080. ಇಪ್ಪತ್ತೆಂಟನೇ ತಾರೀಕು ಏರ್‌ಫೈಬರ್ ಸುಸ್ತು.

ಮುಗಿದ ಮೇಲೆ ಎಷ್ಟು ವೇಗ ಸಿಗುತ್ತೆ? ಇದನ್ನು ಕೇಳಲೇಬೇಕು. 2 ಎಂಬಿಪಿಎಸ್ ಅಂದರೆ, ಆಗ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ ಅದೇ ಗೆರೆ. ಸಣ್ಣ ಪರದೆಯಲ್ಲಿ ಒಬ್ಬ ಸುಮಾರಾಗಿ ನೋಡಬಹುದು, ನಾಲ್ಕು ಜನಕ್ಕೆ ಆಗಲ್ಲ.

ಎಷ್ಟು ವೇಗ ಬೇಕು ಗುರುವೇ?

ಇಲ್ಲೇ ನಮ್ಮ ಜೇಬಿಗೆ ಕತ್ತರಿ ಬೀಳೋದು. ನೆಟ್‌ಫ್ಲಿಕ್ಸ್ ಹೇಳೋ ಪ್ರಕಾರ ಫುಲ್ ಎಚ್‌ಡಿಗೆ ಬೇಕಾದ ವೇಗ 5 ಎಂಬಿಪಿಎಸ್. 4ಕೆಗೆ 15. ಅಷ್ಟೇ! ನಾಲ್ಕು ಜನ ನಾಲ್ಕು ಪಿಕ್ಚರ್ ನೋಡಿದರೂ 20 ಎಂಬಿಪಿಎಸ್. ಪಕ್ಕದಲ್ಲಿ ಒಬ್ಬ ಗೇಮ್ ಆಡಿದರೆ ಅವನಿಗೆ ಬೇಕಾದದ್ದು ಅಗಲ ಅಲ್ಲ, ಚುರುಕು. ಅದನ್ನ ಪಿಂಗ್ ಅಂತಾರೆ, ಮಿಲಿಸೆಕೆಂಡ್ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೇದು. ಅದರಲ್ಲಿ ಫೈಬರ್‌ನ ಮುಂದೆ ಗಾಳಿಯವರು ಸಾಮಾನ್ಯವಾಗಿ ಹಿಂದೆ.

ಹಾಗಾದ್ರೆ ನಾಲ್ಕು ಜನದ ರೂಮಿಗೆ 40, 50 ಎಂಬಿಪಿಎಸ್ ಬೇಕಾದಷ್ಟಾಯ್ತು. 300 ತಗೊಂಡರೆ ಪಿಕ್ಚರ್ ಬೇಗ ಮುಗಿಯಲ್ಲ ಸ್ವಾಮಿ! ಬೆಲೆ ನೋಡುವಾಗ ಜಿಎಸ್‌ಟಿ ಮರೀಬೇಡಿ, ನೂರಕ್ಕೆ 18. 399 ಅಂತ ಬರೆದಿದ್ದರೆ ಕೈಯಿಂದ ಹೋಗೋದು 471. 499 ಅಂದ್ರೆ 589, ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 147 ರೂಪಾಯಿ ಚಿಲ್ಲರೆ. 999 ಅಂದ್ರೆ 1179.

ಲೈನು ಸರಿಯಿದ್ದೂ ಚಕ್ರ ಸುತ್ತುತ್ತಾ ಇದ್ದರೆ ಕಂಪನಿಗೆ ಬೈಯೋ ಮುಂಚೆ ರೂಟರ್ ಎಲ್ಲಿದೆ ನೋಡಿ. ಬೀರು ಹಿಂದೆ, ದೇವರ ಮನೆ ಮೂಲೇಲಿ, ಟಿವಿ ಬೆನ್ನಿಗೆ ಇಟ್ಟರೆ ಸಿಗ್ನಲ್ ಅಲ್ಲೇ ಸಾಯುತ್ತೆ. ಎದೆ ಎತ್ತರಕ್ಕೆ, ಮನೆ ನಡುವೆ ಇಡಿ. ಅದರಲ್ಲಿ ಎರಡು ಹೆಸರು ಕಾಣುತ್ತಲ್ಲ, 2.4 ಅಂತ ಒಂದು, 5 ಅಂತ ಒಂದು. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ಜೋರು, ಗೋಡೆ ಬಂದರೆ ಸುಸ್ತು. ಟಿವಿ ರೂಟರ್ ಇರೋ ಕೋಣೆಯಲ್ಲೇ ಇದ್ದರೆ 5 ಹಾಕಿ. ನಿಜವಾದ ವೇಗ ಅಳೆಯಬೇಕಾದ್ರೆ ರೂಟರಿನಿಂದ ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ವೈರು ಹಾಕಿ ಅಳೆಯಿರಿ, ಬೆಳಿಗ್ಗೆ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ. ಎರಡನ್ನೂ ಫೋಟೊ ಹೊಡೆದಿಟ್ಟುಕೊಂಡರೆ ದೂರು ಕೊಡೋವಾಗ ಅದೇ ಸಾಕ್ಷಿ. ದೂರು ಕೊಟ್ಟಾಗ ನಂಬರ್ ಕೇಳಿ ಪಡೀರಿ. ಕೇಳಿಸಿಕೊಳ್ಳಲಿಲ್ಲ ಅಂದ್ರೆ ಕಂಪನಿಯೊಳಗೇ ಮೇಲ್ಮನವಿ ಪ್ರಾಧಿಕಾರ ಅಂತ ಇರುತ್ತೆ, ಟ್ರಾಯ್‌ನ 2012ರ ನಿಯಮದ ಪ್ರಕಾರ ಇರಲೇಬೇಕು. ಅಲ್ಲಿಗೆ ಬರೀರಿ, ಅದಕ್ಕೆ ದುಡ್ಡಿಲ್ಲ.

ಇನ್ನೊಂದು ಮಾತು. ಕರೆಂಟ್ ಹೋದರೆ ಫೈಬರ್ ಡಬ್ಬಿಯೂ ಆರುತ್ತೆ. ಲೋಡ್ ಶೆಡ್ಡಿಂಗ್ ಊರಿನವರು ರೂಟರಿಗೆ ಅಂತಲೇ ಸಿಗೋ ಪುಟ್ಟ ಯುಪಿಎಸ್ ಇಟ್ಟುಕೊಳ್ಳಿ.

ತೀರ್ಪು

ಬೀದಿಗೆ ಫೈಬರ್ ಬಂದಿದ್ದರೆ ಎರಡನೇ ಮಾತಿಲ್ಲ, ಫೈಬರ್. ಎರಡು ಕಂಪನಿ ಬಂದಿದ್ದರೆ ಯಾರ ವೇಗ ಜಾಸ್ತಿ ಅಂತ ನೋಡಬೇಡಿ. ಎಳೆ ತುಂಡಾದರೆ ಯಾರ ಲೈನ್‌ಮ್ಯಾನ್ ಬೇಗ ಬರ್ತಾನೆ ಅಂತ ಪಕ್ಕದ ಮನೆಯವರನ್ನ ಕೇಳಿ. ಫೈಬರ್ ಇಲ್ಲ, 5ಜಿ ಟವರ್ ಹತ್ತಿರ ಇದೆ ಅಂದ್ರೆ ಏರ್‌ಫೈಬರ್, ಮಿತಿಯ ಲೆಕ್ಕ ಇಟ್ಟುಕೊಂಡು. ಒಬ್ಬನೇ ಇದ್ದು ಆರು ತಿಂಗಳಲ್ಲಿ ಊರು ಬಿಡೋನಾದ್ರೆ ಹಾಟ್‌ಸ್ಪಾಟ್ ಸಾಕು. ಒಂದು ವರ್ಷದ ದುಡ್ಡು ಮುಂಗಡ ಕಟ್ಟಿದರೆ ಎರಡು ತಿಂಗಳು ಫ್ರೀ ಅಂತ ಆಸೆ ತೋರಿಸಿದರೆ ಮೊದಲ ತಿಂಗಳು ಒಂದೇ ತಿಂಗಳಿಗೆ ಕಟ್ಟಿ. ರಾತ್ರಿ ಒಂಬತ್ತರ ಪರೀಕ್ಷೆ ಪಾಸಾದ ಮೇಲೆ ಬೇಕಾದ್ರೆ ವರ್ಷದ್ದು.

ಪೀಣ್ಯದ ನಾಲ್ಕು ಜನಕ್ಕೆ ಬೇರೆಯಾಗಿ ಉತ್ತರ: ನಿಮ್ಮ ಪತ್ರದ ಕೊನೇಲಿ ಒಬ್ಬರು ಡಬ್ಬಿಂಗ್ ಕಲೀತಾ ಇದ್ದೀನಿ, ಮನೆಯಿಂದಲೇ ಧ್ವನಿ ರೆಕಾರ್ಡ್ ಮಾಡಿ ಕಳಿಸ್ತೀನಿ ಅಂತ ಬರೆದಿದ್ದೀರಲ್ಲ... ನಿಮ್ಮ ರೂಮಿಗೆ ಸಮಸಮ ಅಪ್‌ಲೋಡ್ ಇರೋ 50 ಎಂಬಿಪಿಎಸ್ ಫೈಬರ್ ಹಾಕಿಸಿ. ಉಳಿದ ಮೂವರು ಅವನ ಪಾಲಿನ ದುಡ್ಡು ಎರಡು ತಿಂಗಳು ಕೊಡಿ. ಮೊದಲ ಪಿಕ್ಚರ್ ಟೈಟಲ್ ಕಾರ್ಡಿನಲ್ಲಿ ಅವನ ಹೆಸರು ಬಂದ ದಿನ ಬಡ್ಡಿ ಸಮೇತ ವಸೂಲಿ ಮಾಡೋಣ. ಅವತ್ತು ಮಾತ್ರ ಮನೇಲಿ ಕೂತು ನೋಡೋ ಹಾಗಿಲ್ಲ. ಎಲ್ಲರೂ ಟಾಕೀಸಿಗೆ, ಮುಂದಿನ ಸಾಲಿಗೆ. ಸೀಟಿ ಹೊಡೆಯೋಕೆ ನಾನೂ ಬರ್ತೀನಿ.

ಮುಂದಿನ ವಾರ: ಟಿಕೆಟ್ ಆ್ಯಪಿನಲ್ಲಿ ಬುಕ್ ಮಾಡಿದರೆ ಮೇಲೆ ಬೀಳೋ ಚಾರ್ಜು ಯಾರ ಜೇಬಿಗೆ ಹೋಗುತ್ತೆ? ಪತ್ರ ಬರೀತಾ ಇರಿ.